ಹದಿನೈದರ ಚೌಕಕ್ಕೊಂದು ತಿದ್ದುಪಡಿ

ಪತ್ರಿಕೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕೇಳುವುದು ಚುನಾವಣೆಗಳ ಬಗ್ಗೆ, ಮಂತ್ರಿಗಳ ಬಗ್ಗೆ. ಅವು ನನ್ನ ಪಾಲಿಗೆ ಬಂದದ್ದು ಕಡಿಮೆ. ಹೈದರಾಬಾದಿನ ನಮ್ಮ ಸಣ್ಣ ಕನ್ನಡ ಪತ್ರಿಕೆಯಲ್ಲಿ ನಾನಿದ್ದಷ್ಟು ವರ್ಷವೂ ನಿಂಬೆಹಣ್ಣು, ತಾಯತ, ಗ್ರಹಣ, ಮೈಮೇಲೆ ಬರುವ ದೇವರು ಎಂದರೆ ಸಾಕು, ಎಲ್ಲರ ಬೆರಳೂ ನನ್ನ ಮೇಜಿನ ಕಡೆ ತಿರುಗುತ್ತಿತ್ತು. ಸೇರಿದ ಮೊದಲ ತಿಂಗಳಲ್ಲೇ ನಾನೊಂದು ವಿಭೂತಿ ಸುದ್ದಿಯನ್ನು ಕೆಡಿಸಿದ್ದೆ. ನಮ್ಮ ಸುದ್ದಿ ಸಂಪಾದಕ ರಾಯರ ಪ್ರಕಾರ, ಯಾರು ಏನನ್ನು ಕೆಡಿಸಿದರೋ ಅದು ಅವರಿಗೆ ಸರಿಯಾಗಿ ಬರುವ ತನಕ ಅವರದೇ ಕೆಲಸ. ನನಗೆ ಅದು ನಿವೃತ್ತಿಯ ತನಕ ಸರಿಯಾಗಿ ಬರಲಿಲ್ಲ.

ವಿಭೂತಿಯ ಕಥೆ ಇಷ್ಟು. ಮಲ್ಕಾಜ್‌ಗಿರಿಯಲ್ಲಿ ರೈಲ್ವೆ ನೌಕರರೊಬ್ಬರ ಮನೆಯ ದೇವರ ಫೋಟೊದಿಂದ ವಿಭೂತಿ ಉದುರುತ್ತಿದೆ ಎಂಬ ಸುದ್ದಿ ಬಂತು. ಹೋಗಿ ನೋಡಿದೆ. ಫೋಟೊದ ಕೆಳಗೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಬೂದಿ, ಬಾಗಿಲಲ್ಲಿ ಐವತ್ತು ಜೊತೆ ಚಪ್ಪಲಿ. ಬಂದು ‘ವಿಭೂತಿ ಉದುರುತ್ತಿದೆ’ ಎಂದು ಬರೆದುಕೊಟ್ಟೆ. ರಾಯರು ಕನ್ನಡಕ ಏರಿಸಿ ಕೇಳಿದರು.

“ಉದುರೋದನ್ನ ನೋಡಿದೀಯೇನು?”

“ನೋಡೇನ್ರಿ ಸರ. ತಟ್ಟಿ ತುಂಬ ಐತ್ರಿ.”

“ಅದು ಉದುರಿದ್ದು. ನಾ ಕೇಳಿದ್ದು ಉದುರೋದು.”

ಮರುದಿನ ಮತ್ತೆ ಹೋಗಿ ಬೆಳಿಗ್ಗೆಯಿಂದ ಸಂಜೆವರೆಗೆ ಫೋಟೊದ ಎದುರು ಕುಳಿತೆ. ಒಂದು ಚಿಟಿಕೆಯೂ ಉದುರಲಿಲ್ಲ. ಮನೆಯಾಕೆ ಮೂರು ಸಲ ಚಹಾ ಕೊಟ್ಟರು. ನಾಲ್ಕನೆಯ ಸಲ ಬರಿಗೈಯಲ್ಲಿ ಬಂದು, “ನೀವು ಹಿಂಗ ಕಣ್ಣು ಪಿಳುಕಿಸದ ಕುಂತ್ರ ದೇವರಿಗೂ ನಾಚಿಕಿ ಆಗ್ತೈತ್ರಿ, ಏಳ್ರಿ ಸಾಕು” ಎಂದರು. ‘ವಿಭೂತಿ ಉದುರುತ್ತದೆಂದು ಮನೆಯವರು ಹೇಳುತ್ತಾರೆ, ನಮ್ಮ ಪ್ರತಿನಿಧಿ ಕುಳಿತಿದ್ದಾಗ ಉದುರಲಿಲ್ಲ’ ಎಂದು ಬರೆದೆ. ರಾಯರು ಒಂದಕ್ಷರ ತಿದ್ದದೆ ಹಾಕಿದರು. ನಾಚಿಕೆಯ ಮಾತನ್ನೂ ಸೇರಿಸಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಆ ಸುದ್ದಿಯಲ್ಲಿ ನಿಜವಾಗಿ ಹೊಸದಾಗಿದ್ದುದು ಅದೊಂದೇ.

ಎರಡನೆಯ ಎಡವಟ್ಟು ಗ್ರಹಣದ್ದು. ಆಗ ಪುಟಗಳು ಕಂಪ್ಯೂಟರಿಗೆ ಬಂದಿದ್ದವು. ಹಿಂದಿನ ಗ್ರಹಣದ ಪಟ್ಟಿ ತೆಗೆದು ಅದರ ಮೇಲೆಯೇ ಹೊಸ ಹೊತ್ತನ್ನು ಹಾಕುವುದು ರೂಢಿ. ಸ್ಪರ್ಶಕಾಲ ಬದಲಾಯಿಸಿದೆ, ಮಧ್ಯಕಾಲ ಬದಲಾಯಿಸಿದೆ. ಅಷ್ಟರಲ್ಲಿ ಯಾರೋ ಚಹಾಕ್ಕೆ ಕರೆದರು. ಮೋಕ್ಷಕಾಲ ಹಳೆಯ ಗ್ರಹಣದ್ದೇ ಉಳಿಯಿತು. ಮರುದಿನ ಬೆಳಿಗ್ಗೆ ಸೂರ್ಯ ತನ್ನ ಪಾಡಿಗೆ ತಾನು ಬಿಡುಗಡೆಯಾಗಿ ಪೂರ್ತಿ ಬೆಳಗುತ್ತಿದ್ದ. ಪತ್ರಿಕೆಯ ಪ್ರಕಾರ ಅವನು ಇನ್ನೂ ಎರಡು ತಾಸು ಹಿಡಿತದಲ್ಲಿದ್ದ. ಮೊದಲ ಫೋನು ಮಲ್ಕಾಜ್‌ಗಿರಿಯಿಂದಲೇ ಬಂತು. ಗಾರ್ಡ್ ಆಗಿ ನಿವೃತ್ತರಾದ ಓದುಗರೊಬ್ಬರದು.

“ಸರ, ರೈಲು ಲೇಟಾಗೋದು ನಲವತ್ತು ವರ್ಷ ನೋಡೇನಿ. ಗ್ರಹಣ ಲೇಟಾಗೋದು ಇವತ್ತ ಕೇಳಿದೆ. ಮನ್ಯಾಗ ಸ್ನಾನ ಮಾಡವೊಲ್ರು, ಒಲಿ ಹಚ್ಚವೊಲ್ರು. ಸಿಗ್ನಲ್ ಯಾವಾಗ ಕೊಡ್ತೀರಿ ಹೇಳ್ರಿ.”

“ಆಕಾಶ ನೋಡ್ರಿ ಸರ, ಬಿಟ್ಟೈತಿ.”

“ನಾ ನೋಡೀನ್ರಿ. ನಮ್ಮಾಕಿ ಪೇಪರ್ ನೋಡಾಕತ್ತಾಳ.”

ಅವತ್ತು ನನಗೆ ಅರ್ಥವಾದದ್ದು, ಅಚ್ಚಾದ ಅಂಕಿ ಎದುರಿಗಿದ್ದರೆ ಜನ ಸೂರ್ಯನನ್ನೂ ನಂಬುವುದಿಲ್ಲ ಎಂಬುದು. ಹೆದರಿಕೆ ಹುಟ್ಟಬೇಕಾದ ವಿಷಯ. ನಾವು ನಕ್ಕು ಬಿಟ್ಟೆವು.

ಇಂಥ ಸುದ್ದಿಗಳಿಗೆ ನನಗೊಬ್ಬರು ಗುರು ಇದ್ದರು. ಕಾಚಿಗೂಡ ಸ್ಟೇಷನ್ನಿನ ಹತ್ತಿರ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಖಾದರ್ ಸಾಹೇಬರು. ಕಲಬುರಗಿ ಕಡೆಯವರು. ಅಂಗಡಿಯ ಎಡಗಡೆ ಬಿಚ್ಚಿದ ಕೈಗಡಿಯಾರಗಳು, ಬಲಗಡೆ ಕೇಸರಿ ಮತ್ತು ಗುಲಾಬಿ ನೀರಿನ ಶಾಯಿ. ಎಡಗಡೆ ಕಾಲ ಸರಿಮಾಡುತ್ತಿದ್ದರು, ಬಲಗಡೆ ಗ್ರಹಚಾರ. ತಾಯತಕ್ಕೆ ಅವರು ಬರೆಯುತ್ತಿದ್ದುದು ಅಂಕಿಗಳ ಚೌಕ: ಒಂಬತ್ತು ಮನೆ, ಒಂದರಿಂದ ಒಂಬತ್ತರವರೆಗೆ ಅಂಕಿ, ಅಡ್ಡ, ಉದ್ದ, ಮೂಲೆಯಿಂದ ಮೂಲೆ ಯಾವ ಸಾಲು ಕೂಡಿಸಿದರೂ ಹದಿನೈದು. ಹೆರಿಗೆ ಸಲೀಸಾಗಲಿ ಎಂದು ಕೊಡುವ ಚೌಕ ಅದು.

“ಇದು ಜಾದೂ ಏನ್ರಿ ಸಾಹೇಬ್ರ?” ಎಂದು ಒಮ್ಮೆ ಕೇಳಿದ್ದೆ.

“ನೈ ಪಾಟೀಲ್ ಭೈ, ಲೆಕ್ಕ ಇದು. ಎಂಟು ಸಾಲು ಬರೋಬ್ಬರಿ ಇರಬೇಕು. ಒಂದು ತಪ್ಪಿದ್ರ ಬರೀ ಕಾಗದ.”

“ಬರೋಬ್ಬರಿ ಇದ್ರ ಕೆಲಸ ಮಾಡ್ತದೇನು?”

“ಗಡಿಯಾರ ಬರೋಬ್ಬರಿ ಇದ್ರ ನೀವು ಆಫೀಸಿಗೆ ಟೈಮಿಗೆ ಹೋಗ್ತೀರೇನು?”

ಆ ಮೇಲೆ ಗ್ರಂಥಾಲಯದಲ್ಲಿ ಹುಡುಕಿದಾಗ ತಿಳಿಯಿತು: ಹೆರಿಗೆಗೆ ಈ ಚೌಕವನ್ನು ಹಳೆಯ ಅರಬರ ರಸವಿದ್ಯೆಯ ಬರಹಗಳಲ್ಲೇ ಹೇಳಿದೆ. ಲೋಹ ಕರಗಿಸಿ, ದ್ರವ ಭಟ್ಟಿ ಇಳಿಸಿ, ತೂಕ ಹಾಕಿ ಬರೆದಿಟ್ಟ ಜನ ಅವರು. ಪ್ರಯೋಗಶಾಲೆ, ಪ್ರಾರ್ಥನೆ, ತಾಯತ ಎಲ್ಲ ಒಂದೇ ಕೋಣೆಯಲ್ಲಿ ನಡೆಯುತ್ತಿತ್ತು. ನಮ್ಮ ಕಡೆಯ ಪಂಚಾಂಗದವರೂ ಹಾಗೆಯೇ. ಗ್ರಹಣದ ನಿಮಿಷ ತಪ್ಪದೆ ಹೇಳುವ ಮನುಷ್ಯನೇ ಮುಂದಿನ ಸಾಲಿನಲ್ಲಿ ಯಾವ ರಾಶಿಗೆ ಎಷ್ಟು ಎಳ್ಳು ದಾನ ಎಂದೂ ಹೇಳುತ್ತಾನೆ. ನಿಮಿಷವನ್ನು ಪರೀಕ್ಷಿಸಬಹುದು, ಎಳ್ಳನ್ನು ಪರೀಕ್ಷಿಸುವುದು ಕಷ್ಟ. ಇದನ್ನೆಲ್ಲ ಸೇರಿಸಿ ಒಂದು ಲೇಖನ ಬರೆದೆ. ರಾಯರು ಅರ್ಧ ಕತ್ತರಿಸಿದರು. ಉಳಿದದ್ದನ್ನು ಯಾರೂ ಓದಲಿಲ್ಲ. ಆದರೆ ಅದರಿಂದ ಚೌಕದ ಹುಚ್ಚು ಹತ್ತಿ, ಭಾನುವಾರದ ಮಕ್ಕಳ ಪುಟಕ್ಕೆ ‘ಅಂಕಿ ಚೌಕ’ ಎಂಬ ಒಗಟನ್ನು ನಾನೇ ಶುರು ಮಾಡಿದೆ. ಒಂದು ವಾರ ಖಾಲಿ ಮನೆ, ಮುಂದಿನ ವಾರ ಉತ್ತರ.

ಇಲ್ಲಿಂದ ಮುಂದಿನದು ಹೊಸಬರು ಗಮನವಿಟ್ಟು ಓದಬೇಕಾದ ಭಾಗ. ತೆಲಂಗಾಣ ರಾಜ್ಯವಾಗಿ ಕೆಲವು ವರ್ಷ ಕಳೆದಿತ್ತು. ಒಂದು ಬುಧವಾರ ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಫೋನು ಬಂತು.

“ಸರ, ಪೇಪರ್ ಆಫೀಸೇನ್ರಿ? ನಾ ಸಾಬಣ್ಣ ಅಂತ್ರಿ. ಯಾದಗಿರಿ ಕಡೆಯಾಂವ. ಕೊಂಡಾಪುರದಾಗ ಸೆಂಟ್ರಿಂಗ್ ಕೆಲಸ ಮಾಡ್ತೀನ್ರಿ. ನಿಮ್ಮ ಚೌಕ ತಪ್ಪೈತ್ರಿ.”

“ಯಾವ ಚೌಕ?”

“ಐತವಾರದ್ದುರಿ. ಹೆರಿಗಿ ಚೌಕ.”

ಭಾನುವಾರದ ಸಂಚಿಕೆ ತೆಗೆದೆ. ಮೊದಲ ಸಾಲು ೪, ೯, ೨. ಎರಡನೆಯದು ೩, ೫, ೭. ಮೂರನೆಯದು ೮, ೧, ೯. ಕೊನೆಯ ಮನೆಯಲ್ಲಿ ಆರು ಇರಬೇಕಾದ ಕಡೆ ಒಂಬತ್ತು ಕುಳಿತಿತ್ತು. ಕೆಳಗಿನ ಸಾಲು ಹದಿನೆಂಟು. ಪುಟ ನೋಡಿ ಸಹಿ ಹಾಕಿದ್ದು ನಾನೇ.

“ತಪ್ಪಾಗೈತಿ ಸಾಬಣ್ಣ. ಅದು ಮಕ್ಕಳ ಆಟ, ಬಿಡಪ್ಪ.”

“ಆಟ ಅಲ್ರಿ ಸರ. ನನ್ನ ಹೆಂಡ್ತಿಗೆ ದಿನ ತುಂಬ್ಯಾವು. ಕಾಲು ಬಾತಾವು, ಬಿಪಿ ಭಾಳ ಆಗೈತಿ, ಇವತ್ತ ದವಾಖಾನಿಗೆ ಒಯ್ಯಿರಿ ಅಂತ ಆಶಾ ಅಕ್ಕ ಹೇಳಿ ಹೋಗ್ಯಾರ. ಅತ್ತಿ ಬಿಡವೊಲ್ಲಳು.”

ನಡೆದದ್ದು ಹೀಗೆ. ಪತ್ರಿಕೆಯಲ್ಲಿ ಚೌಕ ಕಂಡು, ಹೆರಿಗೆ ಚೌಕ ಪುಕ್ಕಟೆ ಸಿಕ್ಕಿತೆಂದು ಸಾಬಣ್ಣ ಕತ್ತರಿಸಿ, ಹೆಂಡತಿ ಮಲ್ಲಮ್ಮನ ತಲೆಯ ಹತ್ತಿರ ತಗಡಿನ ಗೋಡೆಗೆ ಗಂಜಿಯಿಂದ ಅಂಟಿಸಿದ್ದ. ಅಂದು ಬೆಳಿಗ್ಗೆ ಊರಿಂದ ಮಲ್ಲಮ್ಮನ ತಾಯಿ ಹಣಮವ್ವ ಬಂದಿಳಿದರು. ಆಕೆಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಗೋಡೆ ನೋಡಿದರು, ಕೂಡಿಸಿದರು, ಕೂಗಾಡಿದರು. ಕೆಟ್ಟ ಚೌಕದ ಕೆಳಗೆ ಮೂರು ದಿನ ಮಲಗಿದ ಮಗಳು ಅದು ಸರಿಯಾಗದೆ ಹೊಸ್ತಿಲು ದಾಟಕೂಡದು ಎಂದು ಬಾಗಿಲಲ್ಲೇ ಕುಳಿತುಬಿಟ್ಟಿದ್ದರು.

“ಪೆನ್ನಿನಿಂದ ಆರು ಬರೀ ಮಾರಾಯ!”

“ಬರದೇನ್ರಿ. ಅಚ್ಚಿನಾಗ ಕೆಟ್ಟಿದ್ದು ಅಚ್ಚಿನಾಗ ಸರಿಯಾಗಬೇಕು ಅಂತಾಳ್ರಿ ಅತ್ತಿ.”

“ಹರಿದು ಒಗಿ.”

“ಹರಿದ್ರ ತಪ್ಪು ಹಂಗ ಉಳಿತೈತಂತ್ರಿ.”

ಆಂಬ್ಯುಲೆನ್ಸಿಗೆ ಫೋನು ಮಾಡು, ನಾನು ಬರುತ್ತೇನೆ ಎಂದು ಹೇಳಿ ರಾಯರ ಕೋಣೆಗೆ ಹೋದೆ. ನಾಳೆಯ ಪುಟದಲ್ಲಿ ತಿದ್ದುಪಡಿ ಹಾಕಬೇಕು, ಅದರ ಪ್ರೂಫ್ ಈಗಲೇ ಬೇಕು ಎಂದೆ.

“ಮಕ್ಕಳ ಪುಟಕ್ಕ ತಿದ್ದುಪಡಿ? ಯಾರು ಓದ್ತಾರೋ ಅದನ್ನ?”

“ಒಬ್ಬಾಕಿ ಓದ್ಯಾಳ್ರಿ ಸರ. ಬಾಗಿಲಾಗ ಕುಂತಾಳ.”

ವಿಷಯವೆಲ್ಲ ಹೇಳಿದೆ. ಪ್ರೂಫ್ ಆಫೀಸಿನ ಹೊರಗೆ ಹೋಗಬಾರದೆಂಬುದು ರಾಯರದೇ ಕಟ್ಟಪ್ಪಣೆ. “ಸುಳ್ಳು ಅಚ್ಚು ಮಾಡಿಸಬ್ಯಾಡ. ನಾಳೆ ಬರೋದು ಏನೈತಿ ಅದನ್ನ ಒಯ್ಯಿ” ಎಂದರಷ್ಟೆ. ಪುಟ ಕಟ್ಟುವ, ನಲ್ಗೊಂಡದ ತೆಲುಗಿನವನಾದ ಯಾದಯ್ಯನಿಗೆ ಕೂಗಿ ಹೇಳಿದೆ: “ಯಾದಯ್ಯಾ, ಅಂಕಿ ಚೌಕದಾಗ ಒಂಬತ್ತು ತೆಗೆದು ಆರು ಹಾಕು, ಜಲ್ದಿ!” ಎರಡು ನಿಮಿಷದಲ್ಲಿ ತಿದ್ದುಪಡಿಯೂ ಚೌಕವೂ ಇದ್ದ ಪುಟದ ಪ್ರೂಫ್ ಬಿಸಿಬಿಸಿಯಾಗಿ ಕೈಗೆ ಬಂತು. ಮಡಚಿಕೊಂಡು ಆಟೊ ಹತ್ತಿದೆ.

ನಮ್ಮ ಆಫೀಸಿದ್ದ ಕಾಚಿಗೂಡದಿಂದ ಕೊಂಡಾಪುರಕ್ಕೆ ಆ ಹೊತ್ತಿನಲ್ಲಿ ಹೋದವರಿಗೆ ಮತ್ತೇನೂ ಹೇಳಬೇಕಾಗಿಲ್ಲ. ಒಂದೂವರೆ ತಾಸು. ಗಾಜಿನ ಕಟ್ಟಡಗಳ ಹಿಂದೆ, ಇನ್ನೂ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ತಗಡಿನ ಮನೆಗಳ ಸಾಲು. ಆಂಬ್ಯುಲೆನ್ಸ್ ಬಂದು ನಿಂತಿತ್ತು. ಅದರ ಡ್ರೈವರ್ ಹಣಮವ್ವನಿಗೆ ತೆಲುಗಿನಲ್ಲಿ ಕೈಮುಗಿಯುತ್ತಿದ್ದ. ಒಳಗೆ ಮಲ್ಲಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಪಾದಗಳು ಊದಿ ಹೊಳೆಯುತ್ತಿದ್ದವು.

“ಯವ್ವಾ, ಅಚ್ಚಿನಾಗ ಸರಿ ಮಾಡಿ ತಂದೀನಿ” ಎಂದು ಪ್ರೂಫ್ ಬಿಚ್ಚಿದೆ.

ಹಣಮವ್ವ ಅದನ್ನು ನೆಲದ ಮೇಲೆ ಹಾಸಿದರು. ಹೊರಗಿನ ರಾಶಿಯಿಂದ ಒಂದು ಹಿಡಿ ಜಲ್ಲಿ ತಂದು ಪ್ರತಿ ಅಂಕಿಗೂ ಅಷ್ಟಷ್ಟು ಹರಳಿಟ್ಟು ಎಣಿಸತೊಡಗಿದರು. ಕೆಳಗಿನ ಸಾಲು ಎಣಿಸಿ ತಲೆಯಾಡಿಸಿದರು. ಮೇಲಿನ ಸಾಲಿಗೆ ಬಂದು ನಿಂತರು. ಇನ್ನೊಮ್ಮೆ ಎಣಿಸಿದರು. ನನ್ನನ್ನು ನೋಡಿದರು.

“ಯಪ್ಪಾ, ಒಂಬತ್ತು ಎಲ್ಲಿ ಹೋತು?”

ಬಗ್ಗಿ ನೋಡಿದೆ. ೪, ೬, ೨. ಹನ್ನೆರಡು. ಯಾದಯ್ಯ ಕಂಪ್ಯೂಟರಿಗೆ ‘ಒಂಬತ್ತಿದ್ದಲ್ಲೆಲ್ಲ ಆರು’ ಎಂದು ಒಂದೇ ಏಟಿಗೆ ಅಪ್ಪಣೆ ಕೊಟ್ಟಿದ್ದ. ಚೌಕದಲ್ಲಿದ್ದ ಎರಡೂ ಒಂಬತ್ತು ಆರಾಗಿದ್ದವು. ನಾನು ಹೇಳಿದ್ದನ್ನೇ ಅವನು ಮಾಡಿದ್ದ. ಒಂದೂವರೆ ತಾಸು ಆಟೊದಲ್ಲಿ ಕುಳಿತವನು ನಾನು. ಮಡಿಕೆ ಬಿಚ್ಚಿ ಒಂದು ಸಲ ಕೂಡಿಸಿ ನೋಡಿರಲಿಲ್ಲ.

“ಆಗ ಮೂರು ಜಾಸ್ತಿ ಇತ್ತು, ಈಗ ಮೂರು ಕಡಿಮಿ ಆತು” ಎಂದರು ಹಣಮವ್ವ. “ನಿಮ್ಮ ಆಫೀಸಿನಾಗ ಎಣಿಸಾಕ ಬರೋರು ಒಬ್ರೂ ಇಲ್ಲೇನು? ಇಷ್ಟು ಮಂದಿ ಸೇರಿ ಪೇಪರ್ ಮಾಡ್ತೀರಿ!”

ಸಾಬಣ್ಣ ತಲೆ ಮೇಲೆ ಕೈಹೊತ್ತು ಕುಳಿತ. ಒಳಗಿಂದ ಮಲ್ಲಮ್ಮ ನರಳಿದ್ದು ಕೇಳಿಸಿತು. ಹೆದರಿಕೆಯಾದಾಗ ಮನುಷ್ಯ ತನಗೆ ರೂಢಿಯಾದದ್ದನ್ನೇ ಮಾಡುತ್ತಾನೆ. ನಾನು ಜೇಬಿನಿಂದ ಕೆಂಪು ಪೆನ್ನು ತೆಗೆದು, ಮೇಲಿನ ಸಾಲಿನ ಆರನ್ನು ಹೊಡೆದು, ಅಂಚಿಗೆ ಗೆರೆ ಎಳೆದು ಒಂಬತ್ತು ಬರೆದು, ಪಕ್ಕದಲ್ಲಿ ಸಹಿ ಹಾಕಿದೆ.

“ಅಳಿಯಾನೂ ಪೆನ್ನಿನಿಂದ ಬರದಾನ. ಅದಕ್ಕೂ ಇದಕ್ಕೂ ಏನು ಫರಕು?”

“ಅಂವ ಬರದ್ರ ಅಚ್ಚು ಬದಲಾಗಂಗಿಲ್ಲ ಯವ್ವಾ. ಇದು ಪ್ರೂಫ್, ಅಚ್ಚಿಗೆ ಹೋಗೂಕಿಂತ ಮೊದಲಿನ ಹಾಳಿ. ಇದರ ಮ್ಯಾಲೆ ನಾ ಬರದು ಸಹಿ ಹಾಕಿದ್ರ, ನಾಳೆ ಅಷ್ಟೂ ಪೇಪರಿನಾಗ ಹಂಗ ಬರ್ತೈತಿ.”

“ಎಲ್ಲಾ ಊರಿನಾಗ?”

“ಎಲ್ಲಾ ಊರಿನಾಗ.”

“ನಿನ್ನ ಸಹಿಗೆ ಅಷ್ಟು ಶಕ್ತಿ ಐತೇನು?”

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಐತಿ ಎಂದೆ. “ಹಂಗಾದ್ರ ನನ್ನ ಮುಂದ ಮಾಡಸು” ಎಂದರು.

ಆಫೀಸಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಯಾದಯ್ಯನಿಗೆ ಒಂದೊಂದೇ ಮನೆ ಹೇಳಿದೆ. ಅವನು ತಿದ್ದಿ, ಪರದೆ ನೋಡಿ ತಿರುಗಿ ಓದಬೇಕು. ನಮ್ಮಲ್ಲಿ ಅಂಕಿಯ ಪಟ್ಟಿಗಳನ್ನು ಪರೀಕ್ಷಿಸುವುದೇ ಹಾಗೆ, ಒಬ್ಬರು ಓದುವುದು, ಒಬ್ಬರು ನೋಡುವುದು. ಗಾಬರಿಯಲ್ಲಿ ಅವನು ತನ್ನ ತೆಲುಗಿಗೇ ಇಳಿದ.

“ನಾಲುಗು, ತೊಮ್ಮಿದಿ, ರೆಂಡು.”

ಗಡಿ ಕಡೆಯ ಹಣಮವ್ವನಿಗೆ ತೆಲುಗಿನ ಅಂಕಿ ಹೊಸದಲ್ಲ, ಹರಳು ಇಟ್ಟರು. “ಹದಿನೈದು!”

“ಮೂಡು, ಅಯಿದು, ಏಡು.”

“ಹದಿನೈದು!”

“ಎನಿಮಿದಿ, ಒಕಟಿ, ಆರು.”

“ಹದಿನೈದು!” ಈ ಸಲ ಸಾಬಣ್ಣನೂ ಸುತ್ತ ನಿಂತಿದ್ದ ಹೆಂಗಸರೂ ಸೇರಿ ಹೇಳಿದರು. ಮುಂದೆ ಉದ್ದ ಸಾಲು ಮೂರು, ಮೂಲೆ ಸಾಲು ಎರಡು. ಒಬ್ಬ ಮುದುಕ ರುಮಾಲು ತೆಗೆದು ಕೈಜೋಡಿಸಿದ. ಆಂಬ್ಯುಲೆನ್ಸಿನ ಡ್ರೈವರನೂ ಚಪ್ಪಲಿ ಬಿಟ್ಟು ನಿಂತಿದ್ದ. ಫೋನಿನಲ್ಲಿ ರಾಯರ ದನಿ ಕೇಳಿಸಿತು: “ಪಾಟೀಲಾ, ಏನೋ ಅದು ಮಂತ್ರ?”

“ಪ್ರೂಫ್ ಓದಾಕತ್ತೀವ್ರಿ ಸರ.”

ಎಂಟನೆಯ ಹದಿನೈದು ಆದದ್ದೇ ಹಣಮವ್ವ ಎದ್ದು ಬಾಗಿಲು ಬಿಟ್ಟರು. ಗೋಡೆಯ ಹಳೆಯ ಚೌಕವನ್ನು ತಾವೇ ಕಿತ್ತು ಒಲೆಗೆ ಹಾಕಿ, ಕೆಂಪು ಗೆರೆಯ ಪ್ರೂಫನ್ನು ಮಡಚಿ ಮಗಳ ದಿಂಬಿನಡಿ ಇಟ್ಟರು. ದಿಂಬಿನ ಸಮೇತ ಮಲ್ಲಮ್ಮನನ್ನು ಎತ್ತಿ ಗಾಡಿಗೆ ಹತ್ತಿಸಿದರು. ನಾನು ಡ್ರೈವರ್ ಪಕ್ಕ ಕುಳಿತೆ.

ಮರುದಿನ ಬೆಳಿಗ್ಗೆ ಪತ್ರಿಕೆ ಹಿಡಿದು ಸರಕಾರಿ ಹೆರಿಗೆ ಆಸ್ಪತ್ರೆಗೆ ಹೋದೆ. ಹೆಣ್ಣುಮಗು. ಮಲ್ಲಮ್ಮನಿಗೆ ಸಂಜೆ ಫಿಟ್ಸ್ ಬಂದಿತ್ತಂತೆ, ವಾರ್ಡಿನಲ್ಲಿ ಇದ್ದದ್ದರಿಂದ ಉಳಿದಳು. ಡಾಕ್ಟರಮ್ಮ ನನ್ನನ್ನು ಮನೆಯವರೆಂದು ತಿಳಿದು ಎಲ್ಲರೆದುರೇ ಬೈದರು. ಆ ಫಿಟ್ಸ್ ಮನೆಯಲ್ಲಿ ಬಂದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ, ಅಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದರು. ಅಂಕಿ ಎಣಿಸುತ್ತಿದ್ದೆವು ಎಂದು ಹೇಳುವ ಧೈರ್ಯ ನನಗೂ ಬರಲಿಲ್ಲ, ಪಕ್ಕದಲ್ಲಿದ್ದ ಹಣಮವ್ವನಿಗೂ ಬರಲಿಲ್ಲ. ನಾನು ನೆಲ ನೋಡಿದೆ, ಹಣಮವ್ವ ಕಿಟಕಿ ನೋಡಿದರು.

ಡಾಕ್ಟರಮ್ಮ ಹೋದ ಮೇಲೆ ಪತ್ರಿಕೆ ಕೊಟ್ಟೆ. ಹಣಮವ್ವ ಬೆರಳು ಮಡಚಿ ಎಂಟೂ ಸಾಲು ಎಣಿಸಿ, “ಬರೋಬ್ಬರಿ ಐತಿ” ಎಂದರು. ಆಮೇಲೆ ಚೌಕದ ಮೇಲಿದ್ದ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟರು.

“ಇಲ್ಲೇನು ಬರದೀರಿ?”

“ಕಳೆದ ಭಾನುವಾರದ ಸಂಚಿಕೆಯ ಅಂಕಿ ಚೌಕದಲ್ಲಿ ಒಂದು ಅಂಕಿ ತಪ್ಪಾಗಿತ್ತು. ಸರಿಯಾದ ಚೌಕ ಇಲ್ಲಿದೆ. ತಪ್ಪಿಗೆ ವಿಷಾದಿಸುತ್ತೇವೆ” ಎಂದು ಓದಿದೆ.

“ಯಾರ ತಪ್ಪು ಅಂತ ಬರದಿಲ್ಲಲ್ಲ?”

“ಹಂಗ ಬರಿಯೂದಿಲ್ಲ ಯವ್ವಾ. ರೂಢಿ ಇಲ್ಲ.”

ಹಣಮವ್ವ ಸ್ವಲ್ಪ ಹೊತ್ತು ಕೂಸಿನ ಕುಲಾವಿ ಸರಿಮಾಡಿದರು. ಮತ್ತೆ ದನಿ ತಗ್ಗಿಸಿ, “ಹಂಗಾದ್ರ ನನ್ನದೂ ಬರೀಬ್ಯಾಡ ಯಪ್ಪಾ” ಎಂದರು. “ನಾನೂ ಬಾಗಿಲಾಗ ಕುಂತಿದ್ದೆ.”

ಬರೆಯುವುದಿಲ್ಲ ಎಂದೆ. ಮಲ್ಲಮ್ಮ ನಿದ್ದೆಯಲ್ಲಿದ್ದಾಳೆಂದು ನಾವಿಬ್ಬರೂ ತಿಳಿದಿದ್ದೆವು. ಅವಳು ಕಣ್ಣು ಬಿಡದೆಯೇ ಹಾಸಿಗೆಯಿಂದ ಹೇಳಿದಳು.

“ಬರೀರಿ ಸರ. ಇಬ್ಬರದೂ ಬರೀರಿ.”